ಚಿನ್ನ ತೊಳೆದ ಮೇಲೆ ಉಳಿದದ್ದು

ಇಳಿತ ಈಗಷ್ಟೇ ಶುರುವಾಗಿದೆ. ಅಘನಾಶಿನಿ ಊರಿನ ದಂಡೆಯಲ್ಲಿ ನಿಂತರೆ ಆಚೆ ಬದಿಯ ತದಡಿಯ ದೀಪಗಳು ನೀರಿನಲ್ಲಿ ಉದ್ದುದ್ದಕ್ಕೆ ಅಲುಗುತ್ತಿವೆ. ರಾತ್ರಿ ಕಡಲಿಗೆ ಹೋದ ದೋಣಿಗಳು ಒಂದೊಂದಾಗಿ ಮರಳುತ್ತಿವೆ; ಇಂಜಿನ್ನಿನ ಸದ್ದು ಹತ್ತಿರವಾದಂತೆ ಹದ್ದುಗಳ ಸುತ್ತಾಟವೂ ಜೋರಾಗುತ್ತದೆ. ಒಣಮೀನಿನ ವಾಸನೆ, ಕಾಂಡ್ಲಾ ಗಿಡಗಳ ಬುಡದ ಕೆಸರಿನ ವಾಸನೆ, ಯಾರದೋ ಬಚ್ಚಲ ಒಲೆಯಲ್ಲಿ ಉರಿಯುತ್ತಿರುವ ತೆಂಗಿನ ಮಡಲಿನ ಹೊಗೆ, ಎಲ್ಲ ಬೆರೆತ ಗಾಳಿ ಮುಖಕ್ಕೆ ತಣ್ಣಗೆ ತಾಗುತ್ತದೆ. ಶಿರಸಿಯ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ 116 ಮೀಟರ್ ಕೆಳಕ್ಕೆ ಧುಮುಕಿ, ಎಲ್ಲೂ ಒಂದು ಅಣೆಕಟ್ಟಿನ ಕೈಗೆ ಸಿಗದೆ ಹರಿದು ಬಂದ ಅಘನಾಶಿನಿ ನದಿ ಇಲ್ಲಿ, ಈ ಎರಡು ಊರುಗಳ ನಡುವೆ, ಕಡಲಿಗೆ ಸೇರುತ್ತದೆ. ಘಟ್ಟದ ಮೇಲಿಂದ ಏನೇನು ಹೊತ್ತು ತಂದಿತೋ ಅದನ್ನೆಲ್ಲ ಇಳಿಸಿ ಹಗುರಾಗುವ ಜಾಗ ಇದು.

ಬನ್ನಿ, ಕಡಲತೀರದ ಬೇಲೆಯ ಕಡೆಗೆ ನಡೆಯೋಣ. ಚಪ್ಪಲಿ ಕೈಯಲ್ಲಿರಲಿ. ಅಲೆ ಬಂದು ಹಿಂದೆ ಸರಿದ ಅಂಚಿನಲ್ಲಿ ಬಗ್ಗಿ ನೋಡಿದರೆ ಬಿಳಿ ಮರಳಿನ ಮೇಲೆ ಕಾಡಿಗೆ ಎಳೆದಂಥ ಗೆರೆಗಳು ಕಾಣುತ್ತವೆ. ಕೆಲವೆಡೆ ಬೆರಳಿನಷ್ಟು ಅಗಲ, ಕೆಲವೆಡೆ ಅಂಗೈಯಷ್ಟು. ಮೊದಲ ಸಲ ನೋಡಿದವರು ಹಡಗಿನ ಎಣ್ಣೆಯೋ ಇದ್ದಿಲ ಪುಡಿಯೋ ಎಂದುಕೊಳ್ಳುತ್ತಾರೆ. ಮುಟ್ಟಿದರೆ ಎಣ್ಣೆಯ ಜಿಡ್ಡಿಲ್ಲ, ಇದ್ದಿಲ ಮಸಿಯಿಲ್ಲ. ರಾಗಿಗಿಂತ ಸಣ್ಣ ಕಾಳು, ನುಣುಪು, ಮುಷ್ಟಿಯಲ್ಲಿ ಹಿಡಿದರೆ ಮಾತ್ರ ಮರಳಿಗಿಂತ ಎದ್ದು ಕಾಣುವ ಭಾರ.

ಚೀಲದಲ್ಲಿ ಒಂದು ಅಡಕೆ ಹಾಳೆ ಇದೆ. ಎರಡೂ ತುದಿ ಮಡಚಿ ಕಡ್ಡಿ ಚುಚ್ಚಿದರೆ ಹಾಳೆಯ ಕೊಟ್ಟೆ. ಅದಕ್ಕೆ ಒಂದು ಬೊಗಸೆ ಮರಳು, ಮುಳುಗುವಷ್ಟು ನೀರು. ಇನ್ನು ಅವಸರ ಮಾಡಬಾರದು. ಅಕ್ಕಿಯಲ್ಲಿ ಕಲ್ಲು ಗಾಳಿಸುವ ಹಾಗೆ, ತುಸು ಓರೆ ಹಿಡಿದು ನಿಧಾನವಾಗಿ ಅಲುಗಿಸಬೇಕು. ಮೊದಲು ಹೋಗುವುದು ತೆಳುವಾದ ಅಭ್ರಕದ ಚೂರು, ಬೆಳಕಿಗೆ ಮಿನುಗುತ್ತ ನೀರಿನ ಮೇಲೆಯೇ ತೇಲಿಹೋಗುತ್ತದೆ. ಆಮೇಲೆ ಚಿಪ್ಪಿನ ಪುಡಿ. ಆಮೇಲೆ ಬಿಳಿ ಮರಳು ಪದರ ಪದರವಾಗಿ ಅಂಚಿನಿಂದ ಇಳಿಯುತ್ತದೆ. ಹತ್ತು ಹದಿನೈದು ನಿಮಿಷ ಕೈ ಹೀಗೆ ಆಡುತ್ತಿದ್ದರೆ ಕೊನೆಗೆ ಹಾಳೆಯ ತಳದಲ್ಲಿ ಹುಬ್ಬಿನ ಆಕಾರದ ಒಂದು ಕಪ್ಪು ಗೆರೆ ಉಳಿಯುತ್ತದೆ. ಕಣ್ಣು ಹತ್ತಿರ ತಂದರೆ ಅದರೊಳಗೆ ದಾಳಿಂಬೆ ಬಣ್ಣದ ಕಾಳು, ಅಲ್ಲೊಂದು ಇಲ್ಲೊಂದು ಗಾಜಿನಂಥ ಕಾಳು.

ಪಕ್ಕದಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ಬುಟ್ಟಿ ಹಿಡಿದು ಹೊರಟ ಅಜ್ಜಿಯೊಬ್ಬರು ನಿಂತು ನೋಡುತ್ತಾರೆ.

“ಎಂತದು ಹುಡ್ಕೂದು ತಮಾ, ಚಿನ್ನವಾ?”

“ಚಿನ್ನ ಅಲ್ಲ ಅಮ್ಮಾ, ಚಿನ್ನ ಹುಡುಕುವವರು ಬಿಟ್ಟು ಹೋಗಿದ್ದು.”

ಅವರು ನಕ್ಕು, ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ ನೀರಿಗಿಳಿಯುತ್ತಾರೆ.

ಹಾಳೆಯ ಈ ಆಟ ಹೊಸದಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಮಳೆ ನಿಂತ ಮೇಲೆ ಮರದ ಮರಿಗೆ ಹಿಡಿದು ಕೂರುತ್ತಿದ್ದ ಜಲಗಾರರು ಮಾಡುತ್ತಿದ್ದದ್ದು ಇದನ್ನೇ. ಸೊರಟೂರು, ಡೋಣಿ ಕಡೆಯ ಹಳ್ಳದ ಮರಳನ್ನು ತೊಳೆತೊಳೆದು ಅವರು ಚಿನ್ನದ ಕಣ ತೆಗೆಯುತ್ತಿದ್ದರು. 1802ರಲ್ಲಿ ಜಾನ್ ವಾರೆನ್ ಎಂಬ ಸೇನಾಧಿಕಾರಿ ಕೋಲಾರದ ಮಾರಿಕುಪ್ಪಂ, ಉರಿಗಾಂ ಕಡೆ ಕಂಡದ್ದೂ ಮಣ್ಣು ತೊಳೆಯುವ ಹಳ್ಳಿಯ ಜನರನ್ನೇ. ಚಿನ್ನ ನೀರಿಗಿಂತ 19 ಪಟ್ಟು ಭಾರ, ಸಾದಾ ಮರಳು ಎರಡೂವರೆ ಪಟ್ಟಿಗೆ ಸ್ವಲ್ಪ ಹೆಚ್ಚು. ಹಾಗಾಗಿ ನೀರು ಮರಳನ್ನು ಒಯ್ಯುತ್ತದೆ, ಚಿನ್ನವನ್ನು ಬಿಡುತ್ತದೆ. ಇವೆರಡರ ನಡುವೆ ನಿಲ್ಲುವುದು ಈ ಕಪ್ಪು ಮರಳು, ನೀರಿನ ನಾಲ್ಕೈದು ಪಟ್ಟು ತೂಕದ್ದು. ಜಲಗಾರನಿಗೆ ಅದು ಗುರುತು ಮಾತ್ರ: ಕಪ್ಪು ಉಳಿದರೆ ಹಳದಿಯೂ ಇರಬಹುದು ಎಂಬ ಆಸೆ. ಹಳದಿ ಚುಕ್ಕೆಯನ್ನು ಆರಿಸಿಕೊಂಡ ಮೇಲೆ ಕಪ್ಪು ಮರಳು ಹಳ್ಳಕ್ಕೇ ವಾಪಸು.

ಆ ಕಪ್ಪು ಒಂದೇ ವಸ್ತುವಲ್ಲ. ಹಳೆಯ ರೇಡಿಯೊದ ಸ್ಪೀಕರಿನಿಂದ ಬಿಚ್ಚಿದ ಅಯಸ್ಕಾಂತವನ್ನು ಕಾಗದದಲ್ಲಿ ಸುತ್ತಿ, ಒಣಗಿದ ಕಪ್ಪಿನ ಮೇಲೆ ಆಡಿಸಿ ನೋಡಿ. ಒಂದಷ್ಟು ಕಾಳುಗಳು ಇರುವೆಗಳಂತೆ ಸರಸರನೆ ಹತ್ತಿ ಮುಳ್ಳುಮುಳ್ಳಾಗಿ ನಿಲ್ಲುತ್ತವೆ. ಅದು ಮ್ಯಾಗ್ನೆಟೈಟ್, ಕಬ್ಬಿಣದ ಅದಿರು. ಶಾಲೆಯ ಮಕ್ಕಳು ಪೇಪರಿನ ಕೆಳಗೆ ಅಯಸ್ಕಾಂತ ಹಿಡಿದು ಕುಣಿಸುವುದು ಇದನ್ನೇ. ಹತ್ತದೆ ಉಳಿದ ಕಪ್ಪಿನಲ್ಲಿ ಇಲ್ಮನೈಟ್ ಇರುತ್ತದೆ. ಹೆಸರು ಪರಕೀಯ ಅನ್ನಿಸಬಹುದು, ಆದರೆ ಮನೆಯ ಗೋಡೆಗೆ ಬಳಿದ ಬಿಳಿ ಪೇಂಟು ಅಷ್ಟು ಬೆಳ್ಳಗಿರುವುದು ಈ ಕರಿಕಾಳಿನೊಳಗಿನ ಟೈಟಾನಿಯಂನಿಂದ. ದಾಳಿಂಬೆ ಬಣ್ಣದ್ದು ಗಾರ್ನೆಟ್. ಅದರ ಗಡಸುತನ ಉಜ್ಜುಕಾಗದದ ಮೇಲೆ ಕೂತು ಮರವನ್ನು ನುಣುಪು ಮಾಡುತ್ತದೆ. ಪಶ್ಚಿಮ ಕರಾವಳಿಯ ಕಪ್ಪು ಮರಳಿನಲ್ಲಿ ಸಿಗುವ ಇನ್ನೊಂದು ಕಾಳು ಜಿರ್ಕಾನ್. ಬಚ್ಚಲ ಟೈಲಿನ ಹೊಳಪಿಗೆ ಅದು ಬೇಕು. ಅದರಿಂದ ತೆಗೆದ ಜಿರ್ಕೋನಿಯಂ ಲೋಹದ ಕೊಳವೆಗಳಲ್ಲೇ ಅಣುಸ್ಥಾವರದ ಯುರೇನಿಯಂ ಇಂಧನವನ್ನು ತುಂಬುತ್ತಾರೆ. ಇದೇ ಉತ್ತರ ಕನ್ನಡ ಜಿಲ್ಲೆಯ ಕಾಳಿ ನದಿಯ ದಂಡೆಯಲ್ಲಿರುವ ಕೈಗಾದಿಂದ ಬರುವ ಕರೆಂಟಿನ ಹಿಂದೆ, ಜನ ಚಿನ್ನವಲ್ಲವೆಂದು ಕೈಬಿಟ್ಟ ಇಂಥ ಕಾಳಿನ ಪಾಲಿದೆ.

ಬಿಟ್ಟದ್ದರಲ್ಲಿ ಬೆಲೆ ಕಂಡ ಕಥೆ ನಮ್ಮ ಚಿನ್ನದ ಗಣಿಗಳಲ್ಲೂ ಇದೆ. ಕೋಲಾರದಲ್ಲಿ ನೆಲದೊಳಗೆ 3 ಕಿಲೋಮೀಟರಿಗೂ ಆಳ ಇಳಿದು ಕಲ್ಲು ತಂದು, ಕುಟ್ಟಿ ಪುಡಿ ಮಾಡಿ, ಚಿನ್ನ ತೆಗೆದು, ಉಳಿದ ಹುಡಿಯನ್ನು ಬೆಟ್ಟದಂತೆ ಸುರಿದರು. ಆ ಹುಡಿಯೊಳಗೆ ಷೀಲೈಟ್ ಇತ್ತು. ಹಗಲಲ್ಲಿ ನೋಡಿದರೆ ಅದು ಬಿಳಿ ಕಲ್ಲಿನ ನಡುವೆ ಇನ್ನೊಂದು ಬಿಳಿ ಕಲ್ಲು. ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ತಿಳಿನೀಲಿಯಾಗಿ ಬೆಳಗುತ್ತದೆ. ಅದರಲ್ಲಿರುವುದು ಟಂಗ್‌ಸ್ಟನ್, ಹಳೆಯ ಬಲ್ಬಿನ ತಂತಿಗೂ ಕಬ್ಬಿಣ ಕೊರೆಯುವ ಹತಾರಕ್ಕೂ ಬೇಕಾದ ಲೋಹ. ಕೋಲಾರದ ಹುಡಿಯಿಂದಲೂ ಹಟ್ಟಿಯ ಗಣಿಯಿಂದಲೂ ಆಮೇಲೆ ಅದನ್ನು ಬೇರ್ಪಡಿಸಿ ತೆಗೆದರು. 2001ರಲ್ಲಿ ಕೋಲಾರದ ಗಣಿ ಮುಚ್ಚಿತು, ಹುಡಿಯ ದಿಬ್ಬಗಳು ಮಾತ್ರ ಊರಿನ ನಡುವೆ ನಿಂತೇ ಇವೆ.

ಮತ್ತೆ ಕಡಲಿಗೆ ಬಂದರೆ, ಪಶ್ಚಿಮ ಕರಾವಳಿಯ ಮರಳಿನ ಬೆಲೆ ಜಗತ್ತಿಗೆ ತಿಳಿದದ್ದು ಒಂದು ಹಗ್ಗದಿಂದ. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ತಿರುವಾಂಕೂರಿನಿಂದ ಹೋದ ತೆಂಗಿನ ನಾರಿಗೆ ಅಂಟಿಕೊಂಡಿದ್ದ ಮರಳನ್ನು ಶೋಂಬರ್ಗ್ ಎಂಬ ಜರ್ಮನ್ ರಸಾಯನಜ್ಞ ಗಮನಿಸಿದ. ಅದರೊಳಗಿದ್ದ ಹಳದಿ ಕಾಳು ಚಿನ್ನವಲ್ಲ, ಮೊನಜೈಟ್. ಅದರಿಂದ ಬರುವ ಥೋರಿಯಂ ಆಗ ಗ್ಯಾಸ್ ದೀಪದ ಮ್ಯಾಂಟಲ್‌ಗೆ ಬೇಕಿತ್ತು. ಈಗ ಅದರಲ್ಲಿರುವ ವಿರಳ ಲೋಹಗಳಿಗೆ ದೇಶದೇಶಗಳೇ ಕಾದು ಕೂತಿವೆ. ಸ್ವಾತಂತ್ರ್ಯ ಬಂದ ಮೇಲೆ, 1950ರಲ್ಲಿ, ಇಂಡಿಯನ್ ರೇರ್ ಅರ್ಥ್ಸ್ ಸಂಸ್ಥೆ ಹುಟ್ಟಿದ್ದು ಈ ಮರಳಿಗಾಗಿಯೇ. ಕೇರಳದ ಚವರದಲ್ಲಿ ಇರುವಷ್ಟು ದಟ್ಟ ಕಪ್ಪು ನಮ್ಮ ಬೇಲೆಯಲ್ಲಿಲ್ಲ. ಇಲ್ಲಿನದು ಗೆರೆ, ಅಲ್ಲಿನದು ಗುಡ್ಡೆ.

ಬಿಸಿಲು ಏರಿತು. ಅಷ್ಟರಲ್ಲಿ ನದಿಯ ನಡುವೆ ದಿನ್ನೆಗಳು ಬೆನ್ನು ತೋರಿಸಿವೆ. ಹೆಂಗಸರು ಸೊಂಟ ಬಗ್ಗಿಸಿ, ಕಾಲಬೆರಳಿನಿಂದ ಕೆಸರು ತಡವಿ, ಗಟ್ಟಿ ತಾಗಿದಲ್ಲಿ ಕೈ ಹಾಕಿ ಬಳಚು ಎತ್ತುತ್ತಾರೆ. ಬುಟ್ಟಿಗೆ ಬಿದ್ದಾಗ ಟಕ್ ಎಂಬ ಸದ್ದು. ಹತ್ತಾರು ಬುಟ್ಟಿಗಳ ಸದ್ದು ಸೇರಿ ನೀರಿನ ಮೇಲೆ ಮಗ್ಗದ ತಾಳ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಅಳಿವೆಯಿಂದ ವರ್ಷಕ್ಕೆ ಸುಮಾರು 22 ಸಾವಿರ ಟನ್ ಚಿಪ್ಪುಮೀನು ಬರುತ್ತಿತ್ತು, ಸುಮಾರು 2,300 ಜನರ ಕೈಗೆ ನೇರ ಕೆಲಸ ಸಿಗುತ್ತಿತ್ತು.

ಒಳಗಿನ ಮಾಂಸ ಸಾರಿಗೆ ಹೋದ ಮೇಲೆ ಉಳಿಯುವ ಚಿಪ್ಪೂ ಒಂದು ಖನಿಜವೇ. ನೀರಿನಲ್ಲಿ ಕರಗಿದ ಸುಣ್ಣವನ್ನು ಆ ಪುಟ್ಟ ಜೀವ ಹನಿಹನಿಯಾಗಿ ಹೀರಿ ಕಟ್ಟಿದ ಮನೆ ಅದು. ಹಿಂದೆ ಚಿಪ್ಪನ್ನೂ ಇದ್ದಿಲನ್ನೂ ಪದರ ಪದರವಾಗಿ ಒಟ್ಟಿ ಗೂಡಿನಲ್ಲಿ ಸುಡುತ್ತಿದ್ದರು. ನೂರು ಕಿಲೋ ಶುದ್ಧ ಚಿಪ್ಪಿಗೆ 56 ಕಿಲೋ ಸುಣ್ಣ, ಉಳಿದದ್ದು ಗಾಳಿಗೆ. ಬೆಂದ ಚಿಪ್ಪಿಗೆ ನೀರು ಚಿಮುಕಿಸಿದರೆ ಬುಸ್ಸೆಂದು ಬಿಸಿಯುಸಿರು ಬಿಟ್ಟು ಅರಳುತ್ತದೆ, ಮಲ್ಲಿಗೆಯಂಥ ಬಿಳುಪು. ಕವಳದ ಎಲೆಗೆ ತೀಡುವುದೂ ಅದೇ, ಹಬ್ಬಕ್ಕೆ ಗೋಡೆ ಬೆಳಗಿದ್ದೂ ಅದೇ.

ಆದರೆ ನದಿಯ ತಳದಲ್ಲಿ ಹೂತುಹೋದ ಹಳೆಯ ಚಿಪ್ಪಿನ ಹಾಸಿಗೆಯ ಮೇಲೆ ಸುಣ್ಣ, ಗೊಬ್ಬರ, ಕೋಳಿ ಆಹಾರದ ಉದ್ಯಮಗಳ ಕಣ್ಣು ಬಿದ್ದ ಮೇಲೆ ಬೇರೆಯದೇ ಕಥೆ. ಮೇಲೆ ಬದುಕಿರುವ ಬಳಚಿಗೆ ಕೆಳಗಿನ ಹಾಸಿಗೆಯೇ ನೆಲ. ತಳವನ್ನು ಬಗೆದರೆ ಕೆಸರು ಎದ್ದು ಮರಿಗಳ ಉಸಿರು ಕಟ್ಟುತ್ತದೆ. ಒಂದು ಕಾಲದಲ್ಲಿ ಬುಟ್ಟಿ ತುಂಬುತ್ತಿದ್ದ ದಿನ್ನೆಯಲ್ಲಿ ಬರಿಗೈ ಆಡಿಸಿ ಎದ್ದುಬರುವ ಸಂಕಟ ನೀರಿಗಿಳಿಯುವವರಿಗೇ ಗೊತ್ತು.

ಮಧ್ಯಾಹ್ನಕ್ಕೆ ನದಿ ದಾಟಿ ಸಾಣಿಕಟ್ಟಾಕ್ಕೆ ಬಂದರೆ ಕಣ್ಣು ಕೋರೈಸುತ್ತದೆ. ನೆಲ ಪೂರ್ತಿ ಚೌಕಚೌಕ ಕನ್ನಡಿ. ಉಬ್ಬರದಲ್ಲಿ ಒಳಗೆ ಬಿಟ್ಟುಕೊಂಡ ಉಪ್ಪುನೀರು ಒಂದು ಆಗರದಿಂದ ಇನ್ನೊಂದಕ್ಕೆ ಹರಿದು, ಪ್ರತಿ ಚೌಕದಲ್ಲೂ ಇಷ್ಟಿಷ್ಟೇ ಆರಿ ದಪ್ಪವಾಗುತ್ತದೆ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣ. ನೀರು ಹತ್ತರಲ್ಲೊಂದು ಪಾಲಿಗೆ ಇಳಿದಾಗಲೇ ಅಡುಗೆಯ ಉಪ್ಪು ಹರಳು ಕಟ್ಟುವುದು. ಅದಕ್ಕೂ ಮೊದಲೇ ಸುಣ್ಣ, ಜಿಪ್ಸಂ ತಳ ಸೇರಿರುತ್ತವೆ. ಉದ್ದ ಹಿಡಿಯ ಮರದ ಹಲಗೆಯಿಂದ ಬಾಚುವಾಗ ಹರಳುಗಳ ಕರಕರ ಸದ್ದು, ಕಾಲಿಗೆ ಕಚಗುಳಿಯಿಡುವ ಉರಿ. ತಲೆತಲಾಂತರದಿಂದ ಉಪ್ಪು ಬೆಳೆದ ಸಮುದಾಯಕ್ಕೆ ಈ ಸೀಮೆಯಲ್ಲಿ ಆಗೇರರೆಂದೇ ಹೆಸರು. ಹೌದು, ಉಪ್ಪನ್ನು ಇಲ್ಲಿ ‘ಬೆಳೆಯುತ್ತಾರೆ’. ತುಸು ಕಂದು ಛಾಯೆಯ ಆ ದಪ್ಪ ಹರಳು, ಇದೇ ನದಿಯ ಮೇಲುಹರಿವಿನ ಅಪ್ಪೆಮಿಡಿಯ ಜೊತೆ ಭರಣಿ ಸೇರಿ ವರ್ಷವಿಡೀ ಊಟಕ್ಕೆ ಕೂರುತ್ತದೆ.

ಉಪ್ಪು ಬಾಚಿದ ಮೇಲೂ ಚೌಕದಲ್ಲಿ ಕಹಿಯಾದ ಮಂದ ನೀರು ಉಳಿಯುತ್ತದೆ. ಚಿನ್ನ ತೊಳೆಯುವವನು ಕಪ್ಪನ್ನು ಚೆಲ್ಲುವಂತೆ ಇದನ್ನೂ ಚೆಲ್ಲುವುದುಂಟು. ಅದರಲ್ಲಿ ಮೆಗ್ನೀಸಿಯಂ ಇದೆ, ಪೊಟ್ಯಾಷ್ ಇದೆ, ಬ್ರೋಮಿನ್ ಇದೆ. ಬೆಲೆ ಕಡಿಮೆಯೆಂದು ಕಂಡ ಉಪ್ಪಿಗೇ ಈ ಸೀಮೆ ಎಷ್ಟು ಬೆಲೆ ಕಟ್ಟಿತ್ತು ಎಂಬುದಕ್ಕೆ ಪಕ್ಕದ ಅಂಕೋಲೆ ಸಾಕ್ಷಿ. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಅಲ್ಲಿನ ಜನ ಬ್ರಿಟಿಷರ ಕಾಯಿದೆ ಮುರಿದದ್ದು ಚಿನ್ನಕ್ಕಲ್ಲ, ಒಂದು ಹಿಡಿ ಉಪ್ಪಿಗೆ.

ನದಿಗುಂಟ ಇನ್ನೂ ಮೇಲೆ ಹೋದರೆ ಉಪ್ಪಿನಪಟ್ಟಣ; ಅಲ್ಲಿ ಬಂದು ಸೇರುವ ಚಂಡಿಹೊಳೆ ಯಾಣದ ಕಡೆಯಿಂದ ಇಳಿದದ್ದು. ಕಾಡಿನ ನಡುವೆ 120 ಮೀಟರ್ ಎದ್ದು ನಿಂತ ಭೈರವೇಶ್ವರ ಶಿಖರ, ಅದರ ಪಕ್ಕದ 90 ಮೀಟರಿನ ಮೋಹಿನಿ ಶಿಖರ, ಎರಡೂ ಕರಿ ಸುಣ್ಣಕಲ್ಲು. ಅದಿರಿನ ಕಣ್ಣಿನಿಂದ ನೋಡಿದವನಿಗೆ ಅದು ಇಷ್ಟು ಟನ್ ಸುಣ್ಣ. ಬಂಡೆಯ ಬಿರುಕಿನಲ್ಲಿ ಜಿನುಗುವ ನೀರಿಗೆ ತಲೆಯೊಡ್ಡಿ ಕೈಮುಗಿದವನಿಗೆ ಅದು ದೇವರು. ಹೆಜ್ಜೇನು ಗೂಡು ಕಟ್ಟಿದ ಆ ಗೋಡೆ ನಿಂತಲ್ಲೇ ನಿಂತು ಕಾಡನ್ನೂ ಹೊಳೆಯನ್ನೂ ನಂಬಿಕೆಯನ್ನೂ ಸಾಕುತ್ತಿದೆ.

ನಾನು ಈ ದಂಡೆಗೆ ಮತ್ತೆ ಮತ್ತೆ ಬರುವುದು ಈ ಒಂದು ತಿಳಿವಿಗಾಗಿ. ಚಿನ್ನ ಹುಡುಕುವವನು ಒಂದೇ ಬಣ್ಣ ನೋಡಿ ಉಳಿದದ್ದನ್ನು ಕಸವೆಂದ, ಅದು ಅವನ ತಪ್ಪು. ಕಸವೆಂದದ್ದಕ್ಕೆ ಬೆಲೆಯಿದೆ ಎಂದು ತಿಳಿದ ಕೂಡಲೇ ಗುದ್ದಲಿ ಎತ್ತಿದರೆ ಅದು ನಮ್ಮ ತಪ್ಪಾಗುತ್ತದೆ. ಅಘನಾಶಿನಿಯ ಖನಿಜಗಳಿಗೆ ಇದ್ದಲ್ಲೇ ಕೆಲಸವಿದೆ. ಮರಳಿನ ದಿನ್ನೆ ಅಲೆಯ ಹೊಡೆತ ತಾಳುತ್ತದೆ, ಚಿಪ್ಪಿನ ಹಾಸಿಗೆ ಬಳಚನ್ನು ಹೊರುತ್ತದೆ, ಗಜನಿ ಗದ್ದೆಯ ಉಪ್ಪುಮಣ್ಣು ಕಗ್ಗ ಭತ್ತವನ್ನು ಬೆಳೆಯುತ್ತದೆ. 2024ರ ಜನವರಿ ಕೊನೆಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಾಗತಿಕ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರಿದಾಗ ಜಗತ್ತು ಒಪ್ಪಿದ್ದೂ ಈ ಮಾತನ್ನೇ.

ಸಂಜೆ ಮತ್ತೆ ಬೇಲೆ. ಬುಟ್ಟಿ ತಲೆಯ ಮೇಲಿಟ್ಟು ಅಜ್ಜಿ ಮರಳುತ್ತಿದ್ದಾರೆ, ಸೆರಗಿನಿಂದ ನೀರು ತೊಟ್ಟಿಕ್ಕುತ್ತಿದೆ. “ಸಿಕ್ತಾ?” ಎನ್ನುತ್ತಾರೆ. ಹಾಳೆ ತೋರಿಸಿದೆ. ಒಣಗಿದ ಕಪ್ಪು ಹುಬ್ಬನ್ನು ಬೆರಳಿನಿಂದ ಮುಟ್ಟಿ, ಅಂಗೈಗೆ ಹಾಕಿಕೊಂಡು ತೂಗಿ ನೋಡಿ, “ಭಾರ ಇದ್ದು” ಎಂದು ಅಲ್ಲೇ ಸುರಿದರು. ಅಲೆಯೊಂದು ಬಂದು ಕಪ್ಪನ್ನು ಬಿಳಿಯೊಂದಿಗೆ ಕಲಸಿತು. ಅದು ಹಿಂದೆ ಸರಿಯುವಾಗ ಹಗುರದ್ದನ್ನು ಎಳೆದುಕೊಂಡು ಹೋಗಿ, ಭಾರದ್ದನ್ನು ಗೆರೆಯಾಗಿ ಬಿಟ್ಟಿತು.