ನೆಲವಿಲ್ಲದ ಊರಿನ ಬಿಸಿಲ ಲೆಕ್ಕ

ಸಿಂಗಪುರಕ್ಕೆ ಬಿಸಿಲಿನ ಬರವಿಲ್ಲ, ಬರವಿರುವುದು ನೆಲಕ್ಕೆ. ಸುಮಾರು 735 ಚದರ ಕಿಲೋಮೀಟರ್ ಜಾಗದಲ್ಲಿ 60 ಲಕ್ಷ ಜನ ಬದುಕಬೇಕು. ಗಾಳಿಯಂತ್ರ ತಿರುಗಿಸುವಷ್ಟು ಗಾಳಿ ಬೀಸುವುದಿಲ್ಲ, ಅಣೆಕಟ್ಟು ಕಟ್ಟಿ ವಿದ್ಯುತ್ ತೆಗೆಯುವಂಥ ನದಿಯೂ ಇಲ್ಲ. ಹಾಗಾಗಿ ಅಲ್ಲಿನ ವಿದ್ಯುತ್ತಿನಲ್ಲಿ ಸುಮಾರು ಶೇ 95ರಷ್ಟು ಹುಟ್ಟುವುದು ಹೊರಗಿನಿಂದ ತರಿಸಿದ ನೈಸರ್ಗಿಕ ಅನಿಲದಿಂದ.

ಸೌರಫಲಕಕ್ಕೆ ಜಾಗ ಹುಡುಕುವುದೇ ಇಲ್ಲಿ ದೊಡ್ಡ ಕೆಲಸ. ಮೊದಲು ಸಿಕ್ಕಿದ್ದು ಸರ್ಕಾರಿ ವಸತಿ ಕಟ್ಟಡಗಳ ತಾರಸಿಗಳು. 2014ರಲ್ಲಿ ಶುರುವಾದ ‘ಸೋಲಾರ್‌ನೋವಾ’ ಯೋಜನೆ ಬೇರೆ ಬೇರೆ ಇಲಾಖೆಗಳ ತಾರಸಿಗಳನ್ನು ಒಟ್ಟುಗೂಡಿಸಿ ಒಂದೇ ಟೆಂಡರ್ ಕರೆಯಿತು. ತಾರಸಿ ಸಾಲದಾದಾಗ ಫಲಕಗಳು ನೀರಿಗಿಳಿದವು. ಟೆಂಗೆ ಜಲಾಶಯದ ಮೇಲೆ 2021ರ ಜುಲೈನಲ್ಲಿ ಕೆಲಸ ಶುರುಮಾಡಿದ 60 ಮೆಗಾವಾಟ್ ಘಟಕದಲ್ಲಿ 1.22 ಲಕ್ಷ ಫಲಕಗಳು 45 ಹೆಕ್ಟೇರ್‌ನಷ್ಟು ನೀರಿನ ಮೇಲೆ ತೇಲುತ್ತಿವೆ. ನೀರಿನ ತಂಪಿಗೆ ಅವು ತಾರಸಿಯ ಫಲಕಗಳಿಗಿಂತ ಹೆಚ್ಚು ವಿದ್ಯುತ್ ಕೊಡುತ್ತವೆ. ಜಲಚರಗಳಿಗೆ ಬೆಳಕು, ಗಾಳಿ ಸಿಗಲೆಂದು ಫಲಕಗಳ ಗುಂಪುಗಳ ನಡುವೆ ಜಾಗ ಬಿಟ್ಟಿದ್ದಾರೆ. ಕುಡಿಯುವ ನೀರಿನ ಕೆರೆಯೊಂದನ್ನು ಇಷ್ಟು ಜೋಪಾನವಾಗಿ ಬಳಸಿದ್ದು ನನಗೆ ಆ ಮೆಗಾವಾಟ್‌ಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಇಷ್ಟಾದರೂ ಲೆಕ್ಕ ಹಿಗ್ಗುವುದಿಲ್ಲ. 2030ಕ್ಕೆ ಕನಿಷ್ಠ 2 ಗಿಗಾವಾಟ್ ಸೌರ ಸಾಮರ್ಥ್ಯ ಎಂದು ಗುರಿ ಹಾಕಿಕೊಂಡಿದ್ದ ಸರ್ಕಾರವೇ, ಅದು ಒಟ್ಟು ಬೇಡಿಕೆಯ ಸುಮಾರು ಶೇ 3ನ್ನು ಮಾತ್ರ ತುಂಬುತ್ತದೆ ಎಂದು ಅಂದಾಜು ಮಾಡಿತ್ತು. ಆದ್ದರಿಂದಲೇ ಈ ಊರಿನಲ್ಲಿ ಉಳಿಸಿದ ಯೂನಿಟ್ಟಿಗೆ ಹುಟ್ಟಿಸಿದ ಯೂನಿಟ್ಟಿನಷ್ಟೇ ಬೆಲೆ.

ಉಳಿಸಬೇಕಾದ್ದು ಮುಖ್ಯವಾಗಿ ತಂಪಿನಲ್ಲಿ. ಏರ್ ಕಂಡೀಷನರ್ ಇಲ್ಲದೆ ಸಿಂಗಪುರ ಬೆಳೆಯುತ್ತಿರಲಿಲ್ಲ ಎಂದು ನಂಬಿದ್ದವರು ಅದರ ಮೊದಲ ಪ್ರಧಾನಿ ಲೀ ಕ್ವಾನ್ ಯೂ. ಈಗ ಮನೆಯ ವಿದ್ಯುತ್ತಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಅದೇ ಯಂತ್ರ ನುಂಗುತ್ತದೆ. ಮರೀನಾ ಬೇ ವ್ಯಾಪಾರ ಪ್ರದೇಶದಲ್ಲಿ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ಅಲ್ಲಿನ ಅನೇಕ ಗಗನಚುಂಬಿಗಳಿಗೆ ತಮ್ಮದೇ ಶೀತಲಯಂತ್ರ ಬೇಕಿಲ್ಲ. ನೆಲದಡಿಯ ಸ್ಥಾವರದಲ್ಲಿ ತಂಪಾದ ನೀರು ಕೊಳವೆಗಳಲ್ಲಿ ಹರಿದು ಎಲ್ಲ ಕಟ್ಟಡಗಳ ಶಾಖವನ್ನು ಹೊತ್ತು ಹಿಂದಿರುಗುತ್ತದೆ. ಇದರಿಂದ ಶೇ 40ಕ್ಕೂ ಹೆಚ್ಚು ವಿದ್ಯುತ್ ಉಳಿಯುತ್ತದೆ ಎನ್ನುತ್ತದೆ ನಡೆಸುವ ಸಂಸ್ಥೆ. ಜನರ ಕಣ್ಣಿಗೇ ಬೀಳದ ಈ ಕೊಳವೆಜಾಲ ತೇಲುವ ಫಲಕಗಳಷ್ಟೇ ಮೆಚ್ಚುಗೆಗೆ ಅರ್ಹ.

ಮೋಡ ಕವಿದಾಗ ಸೌರ ಉತ್ಪಾದನೆ ದಿಢೀರನೆ ಕುಸಿಯುತ್ತದೆ. ಅದನ್ನು ತಾಳಿಕೊಳ್ಳಲು ಜುರಾಂಗ್ ದ್ವೀಪದಲ್ಲಿ ಭಾರಿ ಬ್ಯಾಟರಿ ಸ್ಥಾವರ 2023ರಲ್ಲಿ ಬಂತು. ಇನ್ನುಳಿದದ್ದು ನೆರೆಹೊರೆಯ ಮೇಲಿನ ಭರವಸೆ. 2022ರ ಜೂನ್‌ನಲ್ಲಿ ಲಾವೋಸ್‌ನ ಜಲವಿದ್ಯುತ್ ಥಾಯ್ಲೆಂಡ್, ಮಲೇಷ್ಯಾ ದಾಟಿ ಸಿಂಗಪುರ ತಲುಪಿತು, ಗರಿಷ್ಠ 100 ಮೆಗಾವಾಟ್‌ನ ಮಿತಿಯಲ್ಲಿ. 2035ರ ಹೊತ್ತಿಗೆ ಸುಮಾರು 6 ಗಿಗಾವಾಟ್ ಕಡಿಮೆ ಇಂಗಾಲದ ವಿದ್ಯುತ್ ತರಿಸಿಕೊಳ್ಳುವುದು ಈಗಿನ ಗುರಿ. ಅದಕ್ಕೆ ಸಮುದ್ರದಡಿ ಉದ್ದುದ್ದ ಕೇಬಲ್ ಹಾಸಬೇಕು, ಬೇರೆ ದೇಶಗಳ ಸರ್ಕಾರಗಳೂ ಒಪ್ಪಬೇಕು.