ನಿಮಗಿದು ಗೊತ್ತೇ? ಐಸ್ ಹಾಕಿ ಬನಿಯನ್ನಿನಲ್ಲಿ ತೆಂಗಿನ ಚಿಪ್ಪು!

ತಿಪಟೂರು ಕಡೆಯ ನಮ್ಮ ನೊಣವಿನಕೆರೆಯಲ್ಲಿ ಐಸ್ ನೋಡಬೇಕೆಂದರೆ ಕಬ್ಬಿನ ಹಾಲಿನ ಗಾಡಿ ಹುಡುಕಬೇಕು. ಇಂಥ ಊರಿಗೂ ಐಸ್ ಹಾಕಿಗೂ ಏನು ನಂಟು ಅಂತೀರಾ? ಇದೆ ಸ್ವಾಮಿ, ಇದೆ! ಅದೂ ಆಟಗಾರರ ಮೈಗೇ ಅಂಟಿಕೊಂಡ ನಂಟು!

ಐಸ್ ಹಾಕಿ ಆಡುವವರು ದಪ್ಪ ದಪ್ಪ ಪ್ಯಾಡುಗಳ ಒಳಗೆ ಒಂದು ಬನಿಯನ್ ತೊಡುತ್ತಾರೆ. ಅದರ ನೂಲಿನೊಳಗೆ ತೆಂಗಿನ ಚಿಪ್ಪಿನ ಇದ್ದಿಲಿನ ಪುಡಿ ಬೆರೆಸಿದ್ದುಂಟು! ಈ ನೂಲು ಅಮೆರಿಕದ ಕೊಲರಾಡೊದ ಕೊಕೋನ ಎಂಬ ಕಂಪನಿಯದು. ಐಸ್ ಹಾಕಿ ಸಾಮಾನಿನಲ್ಲಿ ದೊಡ್ಡ ಕುಳವಾದ ಬಾವರ್ ಕಂಪನಿ ಅದನ್ನು ತನ್ನ ಒಳಉಡುಪಿಗೆ ಬಳಸಿತು. ಬೆವರು ಬೇಗ ಆರಲಿ ಅಂತ! ಯಾವ ತೋಟದ ಚಿಪ್ಪಾದರೇನು, ತೆಂಗಿನದ್ದೇ ತಾನೇ!

ಚಿಪ್ಪಿನ ಕಥೆ ನಮ್ಮ ಕಡೆಯವರಿಗೆ ಹೇಳಬೇಕೇ? ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತಾರೆ. ನೀರೆಲ್ಲ ಇಂಗುತ್ತದೆ. ಆಮೇಲೆ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಒಳಗೆ ಉಂಡೆ ಗಡಗಡ ಅನ್ನಬೇಕು! ಸುಲಿದು, ಚಿಪ್ಪನ್ನಷ್ಟೇ ಚೂರು ಚೂರಾಗಿ ಒಡೆದು ತೆಗೆಯುವ ಕೈಚಳಕವಿದೆಯಲ್ಲ, ಉಂಡೆಗೆ ಒಂದು ಗೀರೂ ಬೀಳುವುದಿಲ್ಲ. ಉಂಡೆ ಕೊಬ್ಬರಿ ತಿಪಟೂರು ಮಾರುಕಟ್ಟೆಗೆ. ಚಿಪ್ಪು ಇದ್ದಿಲಿನ ಗುಂಡಿಗೆ!

ಆ ಇದ್ದಿಲಿಗೆ ಸುಮಾರು 900 ಡಿಗ್ರಿ ಶಾಖದಲ್ಲಿ ಹಬೆ ಹಾಯಿಸಿದರೆ ಮೈತುಂಬ ಕಣ್ಣಿಗೆ ಕಾಣದ ತೂತು. ಒಂದೇ ಒಂದು ಗ್ರಾಂ ತೆಗೆದುಕೊಂಡು ಅದರ ಒಳಮೈಯನ್ನೆಲ್ಲ ಬಿಡಿಸಿ ಹಾಸಿದರೆ ಸುಮಾರು 1,000 ಚದರ ಮೀಟರ್! ನಮ್ಮ ಲೆಕ್ಕದಲ್ಲಿ ಹತ್ತು ಗುಂಟೆ. ನಾಲ್ಕು ಗ್ರಾಂ ಇದ್ದರೆ ಒಂದು ಎಕರೆ! ಪಹಣಿ ಮಾತ್ರ ಸಿಗುವುದಿಲ್ಲ.

ಬನಿಯನ್ ಇರಲಿ, ಐಸ್ ಹಾಕಿಯಲ್ಲಿ ಗೋಲು ಕಾಯುವವನು, ಅಂದರೆ ಗೋಲಿ, ಮೊದಲು ಕಾಲಿಗೆ ಕಟ್ಟಿಕೊಂಡಿದ್ದೇನು ಗೊತ್ತೇ? ಕ್ರಿಕೆಟ್ ಪ್ಯಾಡು! 1896ರ ಫೆಬ್ರವರಿಯಲ್ಲಿ ಕೆನಡಾದ ವಿನಿಪೆಗ್ ತಂಡದ ಗೋಲಿ ವೈಟಿ ಮೆರಿಟ್ ಸ್ಟಾನ್ಲಿ ಕಪ್ ಎಂಬ ಪ್ರಶಸ್ತಿಯ ಪಂದ್ಯಕ್ಕೆ ಹಾಗೆ ಇಳಿದ. ಪಕ್ಕದ ಮನೆಯಿಂದ ಸಾಲ ತಂದ ಹಾಗೆ, ಇನ್ನೊಂದು ಆಟದಿಂದ ತಂದದ್ದು!

1920ರ ದಶಕದಲ್ಲಿ ಕೆನಡಾದ ಹ್ಯಾಮಿಲ್ಟನ್ನಿನ ಎಮಿಲ್ ಕೆನೆಸ್ಕಿ ಆ ಪ್ಯಾಡನ್ನೇ ಅಗಲ ಮಾಡಿದ. ಚರ್ಮದೊಳಗೆ ತುಂಬುತ್ತಿದ್ದದ್ದು ಪ್ರಾಣಿಗಳ ಕೂದಲು ಮತ್ತು ಬೂರುಗದ ಅರಳೆ. ಹೌದು, ನಮ್ಮ ಅಜ್ಜಿಯರ ದಿಂಬಿನಲ್ಲಿದ್ದ ಅರಳೆಯೇ! ಆಟ ಮುಗಿಯುವಷ್ಟರಲ್ಲಿ ಅದು ಐಸ್ ನೀರು ಕುಡಿದು ಭಾರವಾಗುತ್ತಿತ್ತು. ಈಗಿನದು ಬರೀ ಫೋಮು, ಹಗುರ!

ಆಟದಲ್ಲಿ ಚೆಂಡಿಲ್ಲ, ಪಕ್ ಎಂಬ ರಬ್ಬರ್ ಬಿಲ್ಲೆ. ಮೂರು ಇಂಚು ಅಗಲ, ಒಂದು ಇಂಚು ದಪ್ಪ, ತೂಕ 170 ಗ್ರಾಂ ಮೀರುವಂತಿಲ್ಲ. ಪಂದ್ಯಕ್ಕೆ ಮುಂಚೆ ಅದನ್ನು ಫ್ರೀಜರಿನಲ್ಲಿ ಇಡುತ್ತಾರೆ! ಇಲ್ಲದಿದ್ದರೆ ಪುಟಿಯುತ್ತದಂತೆ.

2012ರಲ್ಲಿ ಜ್ಡೆನೊ ಚಾರಾ ಎಂಬ ಆಟಗಾರ ಹೊಡೆದ ಪಕ್ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಹೋಯಿತು! ತಿಪಟೂರು ದಾಟುವ ಯಾವ ರೈಲೂ ಆ ವೇಗ ಕಂಡಿಲ್ಲ.

ಇಂಥದ್ದರ ಎದುರು ಗೋಲಿಗಳು ಎಷ್ಟೋ ವರ್ಷ ಬರೀ ಮುಖದಲ್ಲೇ ನಿಂತಿದ್ದರು! 1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ಜಾಕ್ ಪ್ಲಾಂಟ್ ಎಂಬ ಗೋಲಿಯ ಮುಖಕ್ಕೆ ಪಕ್ ಬಡಿಯಿತು. ಒಳಗೆ ಹೋಗಿ ಹೊಲಿಗೆ ಹಾಕಿಸಿಕೊಂಡ. ಮುಖವಾಡ ಹಾಕಿಕೊಂಡೇ ವಾಪಸು ಬಂದ. ಆಮೇಲೆ ಅದೇ ರೂಢಿಯಾಯಿತು. ಆದರೆ ತಾಳಿ! 1927ರಲ್ಲೇ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಎಲಿಜಬೆತ್ ಗ್ರಹಾಂ ಎಂಬ ಹುಡುಗಿ ಕತ್ತಿವರಸೆಯವರ ಜಾಲರಿ ಮುಖವಾಡ ತೊಟ್ಟು ಗೋಲು ಕಾದಿದ್ದಳು! ಗಂಡಸರಿಗೆ ಬುದ್ಧಿ ಬರಲು ಇನ್ನೂ 32 ವರ್ಷ ಹಿಡಿಯಿತು.

ಹೆಲ್ಮೆಟ್ ವಿಷಯ ಇನ್ನೂ ತಮಾಷೆ. ಉತ್ತರ ಅಮೆರಿಕದ ದೊಡ್ಡ ಲೀಗಿನಲ್ಲಿ 1979ರಿಂದ ಹೊಸಬರಿಗೆ ಹೆಲ್ಮೆಟ್ ಕಡ್ಡಾಯ. ಹಳಬರಿಗೆ ವಿನಾಯಿತಿ! ಬರೀ ತಲೆಯಲ್ಲಿ ಆಡಿದ ಕೊನೆಯ ಆಸಾಮಿ ಕ್ರೇಗ್ ಮಕ್‌ಟಾವಿಶ್ ನಿವೃತ್ತನಾಗಿದ್ದು 1997ರಲ್ಲಿ!

ಈಗ ಬೆಲೆಗೆ ಬನ್ನಿ, ಕುರ್ಚಿ ಗಟ್ಟಿ ಹಿಡಿದುಕೊಳ್ಳಿ. ಹಿಂದೆ ಕೆನಡಾದ ಮಿಕ್ಮಾಕ್ ಆದಿವಾಸಿಗಳು ಮರದ ಬೇರು ಕೆತ್ತಿ ಹಾಕಿ ಕೋಲು ಮಾಡುತ್ತಿದ್ದರು. ಈಗಿನ ಒಳ್ಳೆಯ ಕೋಲು ಕಾರ್ಬನ್ ನಾರಿನದು. ಬೆಲೆ 300 ಡಾಲರ್ ದಾಟುತ್ತದೆ. 2025ರಲ್ಲಿ ಒಂದು ಕ್ವಿಂಟಲ್ ಉಂಡೆ ಕೊಬ್ಬರಿಯ ಬೆಂಬಲ ಬೆಲೆ 12,100 ರೂಪಾಯಿ. ಆ ದರದಲ್ಲಿ ಎರಡು ಕ್ವಿಂಟಲ್ ಕೊಟ್ಟರೂ ಒಂದು ಕೋಲಿಗೆ ಸಾಲದು! ಅಷ್ಟು ಕೊಟ್ಟು ತಂದದ್ದು ಒಂದೇ ಏಟಿಗೆ ಲಟಕ್ಕನೆ ಮುರಿದರೂ ಮುರಿಯಿತು. ಹೊಟ್ಟೆ ಉರಿಯುವುದಿಲ್ಲವೇ?

ಕೋಲಿಗೆ ತೂತು ಕೊರೆದು ಮಾರಿದವರೂ ಇದ್ದಾರೆ! ಬಾವರ್ ತಂದ ಒಂದು ಕೋಲಿನಲ್ಲಿ ಹಿಡಿ ಮತ್ತು ಅಲಗು ಸೇರುವ ಕಡೆ ದೊಡ್ಡ ಕಿಂಡಿ. ತೂಕ ಕಡಿಮೆಯಾಗಲಿ ಅಂತ. ಸಾಮಾನು ಕಡಿಮೆಯಾದರೆ ಬೆಲೆ ಇಳಿಯಬೇಕಲ್ಲವೇ? ಇಳಿಯಲಿಲ್ಲ!

ಸ್ಕೇಟಿನ ಅಲಗು ಮಚ್ಚಿನ ಹಾಗೆ ಒಂದೇ ಬಾಯಿಯದು ಅಂದುಕೊಂಡಿರಾ? ಅಲ್ಲ! ಸುಮಾರು ಮೂರು ಮಿಲಿಮೀಟರ್ ದಪ್ಪದ ಆ ಪಟ್ಟಿಯ ನಡುವೆ ಉದ್ದಕ್ಕೂ ಸಣ್ಣ ಕಾಲುವೆಯಂಥ ತಗ್ಗು ಇರುತ್ತದೆ. ಹಾಗಾಗಿ ಅದಕ್ಕೆ ಎರಡು ಬಾಯಿ! ತಿರುವಿನಲ್ಲಿ ಐಸನ್ನು ಕಚ್ಚುವುದು ಆ ಬಾಯಿಗಳೇ.

ಆ ಅಲಗಿಗೆ ಬ್ಯಾಟರಿ ಹಾಕಿ ಬಿಸಿ ಮಾಡಿದವರೂ ಇದ್ದರು! ಐಸ್ ಚೂರು ಕರಗಿ ಜಾರಿಕೆ ಹೆಚ್ಚಲಿ ಎಂಬ ಯೋಚನೆ. ಐಸ್ ಹಾಕಿಯ ಮಹಾರಾಜ ವೇಯ್ನ್ ಗ್ರೆಟ್ಸ್ಕಿ ಬೆನ್ನಿಗೆ ನಿಂತರೂ ಥರ್ಮಾಬ್ಲೇಡ್ ಎಂಬ ಆ ಅಲಗು ಕಾಲೂರಲಿಲ್ಲ.

1996ರಲ್ಲಿ ಅಮೆರಿಕದ ಫಾಕ್ಸ್ ಟಿವಿಯವರು ಪಕ್ಕನ್ನೇ ಎರಡು ಹೋಳು ಮಾಡಿ, ಒಳಗೆ ಬ್ಯಾಟರಿ ಕೂರಿಸಿ, ಅಂಟು ಹಾಕಿ ಮುಚ್ಚಿದರು! ಟಿವಿಯಲ್ಲಿ ಪಕ್ಕಿನ ಸುತ್ತ ನೀಲಿ ಬೆಳಕು ಕಾಣುತ್ತಿತ್ತು. ಒಂದೊಂದಕ್ಕೂ ಸುಮಾರು 400 ಡಾಲರ್. ಪ್ರೇಕ್ಷಕರು ಬೈದರು. 1998ರ ಹೊತ್ತಿಗೆ ಬೆಳಕು ಆರಿತು!

ಮುಂದೇನು? ಹೆಲ್ಮೆಟ್ಟಿನ ಒಳಮೆತ್ತೆ ಈಗ ಪ್ರಿಂಟ್ ಆಗುತ್ತಿದೆ! ಆಟಗಾರನ ತಲೆಯನ್ನು ಸ್ಕ್ಯಾನ್ ಮಾಡಿ, ಅವನೊಬ್ಬನಿಗೇ ಹೊಂದುವಂತೆ ಥ್ರೀಡಿ ಪ್ರಿಂಟರಿನಲ್ಲಿ ಮೆತ್ತೆ ತೆಗೆಯುವ ಕೆಲಸವನ್ನು ಸಿಸಿಎಂ ಕಂಪನಿ ಶುರುಮಾಡಿದೆ. ದರ್ಜಿ ಅಳತೆ ತೆಗೆದು ಅಂಗಿ ಹೊಲಿದಂತೆ ಹೆಲ್ಮೆಟ್! ಸದ್ಯಕ್ಕೆ ಬೆಲೆ ಕೇಳಬೇಡಿ.

ಕಡಿಮೆ ಖರ್ಚಿನ ಜಾಣತನ ನೋಡಬೇಕೆಂದರೆ ಕೆನಡಾಕ್ಕಲ್ಲ, ಲಡಾಖಿಗೆ ಹೋಗಿ! ಹಳೆಯ ಸೈನಿಕ ಬೂಟಿನ ಅಡಿಗೆ ಲೋಹದ ಪಟ್ಟಿ ಬಡಿದು ಅಲ್ಲಿನವರು ಸ್ಕೇಟ್ ಮಾಡಿಕೊಂಡಿದ್ದರು. ಬಾವರ್ ಕಂಪನಿ ದೊಡ್ಡದಾಗಿದ್ದೂ ಇಂಥದ್ದೇ ಉಪಾಯದಿಂದ. ಬೂಟಿಗೆ ಅಲಗನ್ನು ಕಾಯಂ ಕೂರಿಸಿಯೇ 1933ರಲ್ಲಿ ಅದು ಹೆಸರು ಮಾಡಿತು!

ಲೇಹ್‌ನಲ್ಲಿ ಮೈದಾನವೂ ಪುಕ್ಕಟೆ. ಚಳಿಗಾಲದಲ್ಲಿ ಕರ್ಜೂ ಕೆರೆ ಹೆಪ್ಪುಗಟ್ಟಿದರೆ ಅದೇ ಅಂಗಳ! ನೊಣವಿನಕೆರೆಯ ಕೆರೆ ಹೀಗೆ ಒಂದು ವಾರ ಗಟ್ಟಿಯಾದರೆ? ಹುಡುಗರು ಶಾಲೆಗೆ ಹೋಗುವುದುಂಟೇ!

ಭಾರತದ ಹೆಣ್ಣುಮಕ್ಕಳ ತಂಡ ಮೊದಲ ಸಲ ಹೊರದೇಶದಲ್ಲಿ ಆಡಿದ್ದು 2016ರಲ್ಲಿ. ಹೆಚ್ಚಿನವರು ಲಡಾಖಿನವರು. ಎರವಲು ಸಾಮಾನಿನಲ್ಲಿ ಕಲಿತವರು. 2018ರಲ್ಲಿ ಕೆನಡಾದ ಹೇಲಿ ವಿಕೆನ್‌ಹೈಸರ್ ಲಡಾಖಿಗೇ ಬಂದು ಹುಡುಗಿಯರ ಜೊತೆ ಆಡಿದರು. ನಾಲ್ಕು ಒಲಿಂಪಿಕ್ ಚಿನ್ನ ಗೆದ್ದಾಕೆ! 2025ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದ ಅಲ್ ಐನ್‌ನಲ್ಲಿ ನಡೆದ ಏಷ್ಯಾ ಕಪ್‌ನಲ್ಲಿ ನಮ್ಮವರು ಕಂಚು ಹೊತ್ತು ತಂದರು! ಮರಳುಗಾಡಿನಲ್ಲಿ ಐಸ್, ಐಸಿನ ಮೇಲೆ ಭಾರತ!

ಐಸೇ ಇಲ್ಲದ ಐಸ್ ಕೂಡ ಇದೆ! ನುಣುಪಾದ ದಪ್ಪ ಪ್ಲಾಸ್ಟಿಕ್ ಹಲಗೆಗಳನ್ನು ಜೋಡಿಸಿ ಅದರ ಮೇಲೆ ನಿಜವಾದ ಸ್ಕೇಟಿನಲ್ಲೇ ಜಾರುತ್ತಾರೆ. ನೀರು ಬೇಡ, ಕರೆಂಟು ಬೇಡ. ಏಪ್ರಿಲ್ ಬಿಸಿಲಿಗೂ ಕರಗುವುದಿಲ್ಲ! ಆದರೆ ನಿಜವಾದ ಐಸಿನಷ್ಟು ಜಾರುವುದಿಲ್ಲ, ಕಾಲು ಸೋಲುತ್ತದೆ.

ಇದೂ ದುಬಾರಿ ಅನ್ನಿಸಿದರೆ ಕೆನಡಾದಲ್ಲೇ ಒಂದು ಬಡವರ ದಾರಿಯಿದೆ. ಅದು ಬ್ರೂಮ್‌ಬಾಲ್. ಸ್ಕೇಟೇ ಬೇಡ, ಐಸ್ ಮೇಲೆ ರಬ್ಬರ್ ಬೂಟಿನಲ್ಲೇ ಓಟ! ಪಕ್ ಬದಲು ಚೆಂಡು. ಕೋಲಿನ ಬದಲು, ಹಿಂದೆಲ್ಲ, ಮನೆ ಗುಡಿಸುವ ಪೊರಕೆ! ಅದಕ್ಕೆ ಗಟ್ಟಿಯಾಗಿ ಟೇಪು ಸುತ್ತಿ ಆಡುತ್ತಿದ್ದರು. ತೆಂಗಿನ ಕಡ್ಡಿ ಪೊರಕೆ ಕಟ್ಟುವುದನ್ನು ನಮಗೆ ಯಾರು ಹೇಳಿಕೊಡಬೇಕು! ಆದರೆ ಆ ಆಟಕ್ಕೂ ಹೆಲ್ಮೆಟ್ ಬೇಕು ಕಣ್ರೀ!