ಯಾರ ಮಾತೂ ಕೇಳದ ಚೆಂಡುಗಳು

ಪ್ರತಿ ವರ್ಷ ಡಿಸೆಂಬರ್ 22ರ ಬೆಳಿಗ್ಗೆ ಸ್ಪೇನಿನ ಮ್ಯಾಡ್ರಿಡ್‌ನಲ್ಲಿ ಎರಡು ಲೋಹದ ಪಂಜರಗಳು ಗರಗರ ತಿರುಗತೊಡಗುತ್ತವೆ. ದೊಡ್ಡದರಲ್ಲಿ 00000ದಿಂದ 99999ರವರೆಗೆ ಸಂಖ್ಯೆ ಹೊತ್ತ ಒಂದು ಲಕ್ಷ ಮರದ ಗುಂಡುಗಳು, ಚಿಕ್ಕದರಲ್ಲಿ ಬಹುಮಾನದ ಮೊತ್ತವಿರುವ 1,807 ಗುಂಡುಗಳು. ಎರಡರಿಂದಲೂ ಒಂದೊಂದು ಗುಂಡು ಬಿದ್ದಂತೆಲ್ಲ ಸ್ಯಾನ್ ಇಲ್ದೆಫೊನ್ಸೊ ಶಾಲೆಯ ಮಕ್ಕಳು ಅದನ್ನು ರಾಗವಾಗಿ ಹೇಳುತ್ತಾರೆ. 1812ರಿಂದ ಬಂದ ಲಾಟರಿ ಇದು. ಗುಂಡಿನ ಮೇಲಿನ ಅಂಕಿಗಳನ್ನು ಬಣ್ಣದಲ್ಲಿ ಬರೆಯುವುದಿಲ್ಲ, ಲೇಸರ್‌ನಿಂದ ಕೊರೆಯುತ್ತಾರೆ. ಬಣ್ಣಕ್ಕೂ ತೂಕವಿದೆ, 11111 ಬರೆಯಲು ಸಾಕಾಗುವ ಬಣ್ಣ 88888ಕ್ಕೆ ಸಾಲದು.

ಉಳಿದ ಯಂತ್ರಗಳನ್ನು ನಾವು ಕಟ್ಟುವುದು ಹೇಳಿದ್ದನ್ನು ಹೇಳಿದ ಹಾಗೆ ಮಾಡಲಿ ಎಂದು. ಲಾಟರಿ ಯಂತ್ರ ಮಾತ್ರ ಅದನ್ನು ಕಟ್ಟಿದವನಿಗೂ ಗೊತ್ತಿಲ್ಲದ ಸಂಖ್ಯೆ ಕೊಡಬೇಕು. ಟಿವಿಯಲ್ಲಿ ಕಾಣುವ ಗಾಜಿನ ಪೆಟ್ಟಿಗೆಯಲ್ಲಿ ಕೆಳಗಿನಿಂದ ಫ್ಯಾನ್ ಗಾಳಿ ಊದುತ್ತದೆ, ಹಗುರ ಚೆಂಡುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತ ಹಾರಾಡುತ್ತವೆ. ಕೂದಲೆಳೆಯಷ್ಟು ಆಚೀಚೆ ತಾಗಿದರೂ ಚೆಂಡಿನ ದಿಕ್ಕು ಬೇರೆಯಾಗುತ್ತದೆ. ಮುಂದಿನ ಡಿಕ್ಕಿಯಲ್ಲಿ ಆ ವ್ಯತ್ಯಾಸ ಇನ್ನೂ ಹಿಗ್ಗುತ್ತದೆ. ನ್ಯೂಟನ್ನನ ನಿಯಮವನ್ನು ಚಾಚೂ ತಪ್ಪದೆ ಪಾಲಿಸುತ್ತಲೇ ಅವು ಕೆಲವೇ ಸೆಕೆಂಡುಗಳಲ್ಲಿ ಲೆಕ್ಕಕ್ಕೆ ಸಿಗದೆ ಹೋಗುತ್ತವೆ. ಆದರೆ ಎಲ್ಲ ಚೆಂಡುಗಳ ತೂಕ ಒಂದೇ ಇರಬೇಕು.

ಇರದಿದ್ದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯಾ 1980ರ ಏಪ್ರಿಲ್ 24ರಂದು ಕಂಡಿತು. ಅಲ್ಲಿನ ಮೂರಂಕಿಯ ಲಾಟರಿಗೆ ಮೂರು ಯಂತ್ರಗಳು, ಪ್ರತಿಯೊಂದರಲ್ಲೂ 0ಯಿಂದ 9ರವರೆಗಿನ ಹತ್ತು ಚೆಂಡುಗಳು. ಸಂಚುಗಾರರು 4 ಮತ್ತು 6ನ್ನು ಬಿಟ್ಟು ಉಳಿದ ಚೆಂಡುಗಳೊಳಗೆ ಸಿರಿಂಜಿನಿಂದ ಬಣ್ಣ ತುಂಬಿದರು. ಭಾರವಾದವು ಮೇಲೇರಲಿಲ್ಲ. 4 ಮತ್ತು 6ರಿಂದ ಆಗಬಹುದಾದ ಮೂರಂಕಿಯ ಸಂಖ್ಯೆಗಳು ಎಂಟೇ ಎಂಟು. ಆ ಎಂಟಕ್ಕೂ ರಾಶಿರಾಶಿ ಟಿಕೆಟ್ ಕೊಂಡಿದ್ದರು. ಬಂದದ್ದು 666. ಆ ಕೆಲವೇ ಸಂಖ್ಯೆಗಳಿಗೆ ಬಿದ್ದ ಅಸಹಜ ದುಡ್ಡೇ ಅವರನ್ನು ಹಿಡಿದುಕೊಟ್ಟಿತು. ಡ್ರಾ ನಡೆಸಿಕೊಡುತ್ತಿದ್ದ ಟಿವಿ ನಿರೂಪಕ ಜೈಲಿಗೆ ಹೋದ. ಈಗ ಚೆಂಡುಗಳ ಹಲವು ಸೆಟ್‌ಗಳನ್ನು ತೂಗಿ, ಬೀಗಮುದ್ರೆ ಹಾಕಿಡುತ್ತಾರೆ. ಯಾವ ಸೆಟ್ ಬಳಸಬೇಕೆಂಬುದನ್ನೂ ಡ್ರಾಗೆ ಸ್ವಲ್ಪ ಮುಂಚೆ ಚೀಟಿ ಎತ್ತಿದಂತೆ ನಿರ್ಧರಿಸುವುದು ರೂಢಿ.

ಕಂಪ್ಯೂಟರ್ ಬಂದರೆ ಈ ತಾಪತ್ರಯ ತಪ್ಪುತ್ತದೆ ಎನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಕಂಪ್ಯೂಟರ್ ಪ್ರೋಗ್ರಾಂ ಒಂದು ಆರಂಭದ ಸಂಖ್ಯೆ ಹಿಡಿದು ಲೆಕ್ಕ ಮಾಡುತ್ತ ಹೋಗುತ್ತದೆ. ಆರಂಭ ಗೊತ್ತಿದ್ದವನಿಗೆ ಕೊನೆಯೂ ಗೊತ್ತು. ಅಮೆರಿಕದ ಹಲವು ರಾಜ್ಯಗಳ ಲಾಟರಿ ಸಂಘದಲ್ಲಿ ಮಾಹಿತಿ ಭದ್ರತೆಯ ಮುಖ್ಯಸ್ಥನಾಗಿದ್ದ ಎಡ್ಡಿ ಟಿಪ್ಟನ್ ಮಾಡಿದ್ದು ಇದನ್ನೇ. ವರ್ಷದ ಮೂರು ನಿರ್ದಿಷ್ಟ ದಿನಗಳಲ್ಲಿ ಮಾತ್ರ ತನಗೆ ಊಹಿಸಲು ಬರುವಂಥ ಸಂಖ್ಯೆಗಳು ಹೊರಡುವ ಹಾಗೆ ಪ್ರೋಗ್ರಾಮಿನಲ್ಲಿ ಕೆಲವು ಸಾಲು ಸೇರಿಸಿದ್ದ. ಉಳಿದ ದಿನಗಳಲ್ಲಿ ಯಂತ್ರ ಪ್ರಾಮಾಣಿಕವಾಗಿದ್ದುದರಿಂದ ಪರೀಕ್ಷೆಗಳಿಗೆ ಸಿಗಲಿಲ್ಲ. 2010ರ ಡಿಸೆಂಬರ್ 29ರ ಡ್ರಾದಲ್ಲಿ 165 ಲಕ್ಷ ಡಾಲರ್ ಗೆದ್ದ ಟಿಕೆಟ್ ಅವನದೇ. ಕೊಂಡ ಅಂಗಡಿಯ ಸಿಸಿಟಿವಿಯಲ್ಲಿ ಅವನ ದನಿ ಸಹೋದ್ಯೋಗಿಗಳಿಗೆ ಗುರುತು ಸಿಕ್ಕಿತು. 2017ರಲ್ಲಿ ಗರಿಷ್ಠ 25 ವರ್ಷಗಳ ಶಿಕ್ಷೆಯಾಯಿತು.

ಲೆಕ್ಕದಿಂದ ಹುಟ್ಟದ ಸಂಖ್ಯೆ ಬೇಕಾದರೆ ನಿಸರ್ಗವನ್ನೇ ಕೇಳಬೇಕು. ಬ್ರಿಟನ್ನಿನ ‘ಎರ್ನಿ’ ಹಾಗೆ ಕೇಳಿದ ಯಂತ್ರ. ಅಲ್ಲಿನ ಪ್ರೀಮಿಯಂ ಬಾಂಡ್ ಕೊಂಡವರ ಅಸಲು ಎಲ್ಲಿಗೂ ಹೋಗುವುದಿಲ್ಲ, ಒಟ್ಟು ಬಡ್ಡಿ ಮಾತ್ರ ಎರ್ನಿ ಆರಿಸಿದವರಿಗೆ ಬಹುಮಾನವಾಗಿ ಹಂಚಿಹೋಗುತ್ತದೆ. 1957ರ ಜೂನ್‌ನ ಮೊದಲ ಡ್ರಾಗೆ ಎರ್ನಿಯನ್ನು ಕಟ್ಟಿಕೊಟ್ಟದ್ದು ಅಂಚೆ ಇಲಾಖೆಯ ಡಾಲಿಸ್ ಹಿಲ್ ಸಂಶೋಧನಾ ಕೇಂದ್ರ. ಯುದ್ಧಕಾಲದಲ್ಲಿ ಜರ್ಮನರ ಗುಪ್ತಲಿಪಿ ಒಡೆಯಲು ‘ಕೊಲೊಸಸ್’ ಕಟ್ಟಿದ ಎಂಜಿನಿಯರುಗಳೇ ಇದರಲ್ಲೂ ಇದ್ದರು. ನಿಯಾನ್ ಅನಿಲದ ಕೊಳವೆಯಲ್ಲಿ ವಿದ್ಯುತ್ ಹರಿಯುವಾಗ ಎಲೆಕ್ಟ್ರಾನುಗಳು ಪರಮಾಣುಗಳಿಗೆ ತಾಗಿ ಚೆದುರುತ್ತವೆ, ಪ್ರವಾಹ ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಈ ಏರಿಳಿತವೇ ಸಂಖ್ಯೆಯಾಯಿತು. 2019ರಲ್ಲಿ ಬಂದ ಐದನೆಯ ಎರ್ನಿ ಬೆಳಕಿನ ಕ್ವಾಂಟಮ್ ಸ್ವಭಾವವನ್ನು ನೆಚ್ಚಿದೆ. ಹಿಂದಿನದು ಒಂಬತ್ತು ತಾಸು ತೆಗೆದುಕೊಳ್ಳುತ್ತಿದ್ದ ಡ್ರಾವನ್ನು ಹನ್ನೆರಡು ನಿಮಿಷಕ್ಕೆ ಮುಗಿಸುತ್ತದೆ. ಫಲಿತಾಂಶ ನಿಜಕ್ಕೂ ಯಾದೃಚ್ಛಿಕವೇ ಎಂದು ಸರ್ಕಾರದ ಬೇರೊಂದು ಇಲಾಖೆ ಪ್ರತಿ ತಿಂಗಳೂ ಪರೀಕ್ಷಿಸುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ ಏರ್ಪಾಡು ಇದು.

ಇನ್ನು ನಮ್ಮಲ್ಲಿಗೆ ಬಂದರೆ, ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಷೇಧಿಸಿತು. ಪಕ್ಕದ ಕೇರಳದಲ್ಲಿ ಸರ್ಕಾರವೇ ತಿರುವನಂತಪುರದಲ್ಲಿ ಜನರೆದುರು ಯಂತ್ರದಿಂದ ಡ್ರಾ ನಡೆಸುತ್ತದೆ. ಒಂದೇ ಅಂಕಿಯ ಮೇಲೆ ಬಹುಮಾನ ಕೊಡುವುದನ್ನು 1998ರ ಕೇಂದ್ರ ಕಾಯ್ದೆ ದೇಶದಾದ್ಯಂತ ತಡೆದಿದೆ. ಹಳ್ಳಿಪೇಟೆಗಳಲ್ಲಿ ದಿನಗೂಲಿಯನ್ನು ನುಂಗುತ್ತಿದ್ದುದು ಅಂಥ ಆಟವೇ.

ಯಂತ್ರ ಎಷ್ಟೇ ಪ್ರಾಮಾಣಿಕವಾಗಿದ್ದರೂ ಗೆಲ್ಲುವ ಸಾಧ್ಯತೆಯನ್ನು ತೀರ್ಮಾನಿಸುವುದು ಚೆಂಡುಗಳ ಎಣಿಕೆ. ಬ್ರಿಟನ್ನಿನ ರಾಷ್ಟ್ರೀಯ ಲಾಟರಿ 1994ರಲ್ಲಿ ಆರಂಭವಾದಾಗ 49 ಚೆಂಡುಗಳಲ್ಲಿ ಆರನ್ನು ಎತ್ತುತ್ತಿದ್ದರು: ಆರೂ ಸರಿಹೊಂದುವ ಸಾಧ್ಯತೆ 1,39,83,816ರಲ್ಲಿ ಒಂದು. 2015ರ ಅಕ್ಟೋಬರ್‌ನಲ್ಲಿ ಹತ್ತು ಚೆಂಡು ಹೆಚ್ಚಿಸಿ 59 ಮಾಡಿದರು. ಸಾಧ್ಯತೆ 4,50,57,474ರಲ್ಲಿ ಒಂದಕ್ಕೆ ಇಳಿಯಿತು.